ಓದಿ ಹೇಳಿದವರ ಸಹಿ

ವೆಂಟ್‌ವರ್ತ್‌ವಿಲ್, ಸಿಡ್ನಿ
4 ಮಾರ್ಚ್ 2008

ಅರುಂಧತಿ ಮೇಡಂ ಅವರಿಗೆ,

ಇವತ್ತು ಬೆಳಿಗ್ಗೆ ಎಂಟೂವರೆಗೆ ನಿಮ್ಮ ಅಮ್ಮನ ಕೋಣೆಗೆ ಹೋದಾಗ, ಮಂಚಕ್ಕೆ ತೂಗುಹಾಕಿದ ಹಾಳೆಯಲ್ಲಿ ಸಂಜೆ ನಾಲ್ಕು ಗಂಟೆಯ ಸಹಿ ಆಗಲೇ ಬಿದ್ದಿತ್ತು. ಎರಡು ಗಂಟೆಗೊಮ್ಮೆ ಅವರ ಮಗ್ಗುಲು ಬದಲಿಸಿದೆವೆಂದು ಗುರುತು ಹಾಕುವ ಹಾಳೆ ಅದು. ಹತ್ತು, ಹನ್ನೆರಡು, ಎರಡು, ನಾಲ್ಕು. ಎಲ್ಲ ಚೌಕಗಳಲ್ಲೂ ಒಂದೇ ನೀಲಿ ಇಂಕು, ಒಂದೇ ಕೈ.

ನಾನು ಯಾರೆಂದು ಮೊದಲು ಹೇಳಬೇಕಿತ್ತು, ಕ್ಷಮಿಸಿ. ನನ್ನ ಹೆಸರು ನಿರೀಕ್ಷಾ. ಊರು ಉಡುಪಿ ಕಡೆ. ಕನ್ನಡ ಎಂ.ಎ. ಮಾಡಿದ್ದೇನೆ. ಮದುವೆಯಾಗಿ ಇಲ್ಲಿಗೆ ಬಂದು ಒಂದೂವರೆ ವರ್ಷವಾಯಿತು. ಗಂಡ ಮನೀಷ್ ಚಾಟ್ಸ್‌ವುಡ್‌ನಲ್ಲಿ ಐಟಿ ಕೆಲಸದಲ್ಲಿದ್ದಾರೆ. ನಿಮ್ಮ ಅಮ್ಮ ಇರುವ ನರ್ಸಿಂಗ್ ಹೋಮಿನಲ್ಲಿ ವಾರಕ್ಕೆ ಮೂರು ದಿನ ವಯಸ್ಸಾದವರಿಗೆ ಪೇಪರ್ ಓದಿ ಹೇಳುವುದು, ಆಟ ಆಡಿಸುವುದು, ನಮ್ಮ ಭಾಷೆಯವರಿಗೆ ಇಂಗ್ಲಿಷ್ ತಿಳಿಸಿ ಹೇಳುವುದು ನನ್ನ ಕೆಲಸ. ಕಾಗದ ಬರೆದುಕೊಡು ಎಂದು ಗಿರಿಜವ್ವ ಕೇಳಿದರು. ಫೋನ್ ಆಫೀಸಿನ ಮೇಜಿನ ಮೇಲಿದೆ, ಅಲ್ಲಿ ಮಾತಾಡಲು ಅವರಿಗೆ ಮನಸ್ಸಿಲ್ಲ. ಅವರು ಹೇಳಿದ್ದು ಹೀಗೆ:

"ಅರುಂಧತೀ, ನಾ ಚೊಲೊ ಅದೀನಿ. ಜ್ವಾಳದ ರೊಟ್ಟಿ ಅಂತ ಕೊಡ್ತಾರ, ಜ್ವಾಳ ಅದರ ಬಾಜೂಕ ಹಾದಿಲ್ಲ. ಚಾ ಆರಿರ್ತೈತಿ. ಕ್ವಾಣ್ಯಾಗ ಒಂದು ವಾಸನಿ ಬರಾಕತ್ತೈತಿ, ಒಲಿ ಒರಿಸಿದ ಅರಿವಿ ನಾಕ್ ದಿನ ಮುದ್ದಿ ಮಾಡಿ ಒಗದ್ರ ಬರ್ತೈತಲ್ಲ, ಹಂತಾದ್ದು. ಖಾನಾವಳ್ಯಾಗ ಹಿಂತಾ ವಾಸನಿ ಬಂದಿದ್ರ ಬಾಗಲಾ ಹಾಕಿ ಎಲ್ಲಾ ತೊಳಿಸ್ತಿದ್ದೆ. ಎಲ್ಲಿಂದ ಬರ್ತೈತಿ ಅಂತ ಈ ಹುಡುಗಿ ಕಡೆ ಹುಡುಕಸಾಕತ್ತೀನಿ. ನೀ ಬರೂದ್ ಬ್ಯಾಡ, ನಿನಗ ರಜಾ ಸಿಗಂಗಿಲ್ಲ."

ಇಷ್ಟು ಅವರ ಮಾತು. ನಾನು ಕಪಾಟಿನ ಹಿಂದೆ, ಮಂಚದ ಕೆಳಗೆ, ಕಸದ ಡಬ್ಬದಲ್ಲಿ ಹುಡುಕಿದೆ. ಏನೂ ಇರಲಿಲ್ಲ. ಮೇಡಂ, ವಾಸನೆ ಅವರ ಕಡೆಯಿಂದಲೇ ಬರುತ್ತಿದೆ. ಅವರಿಗೆ ಹಾಗೆಂದು ಹೇಳಲು ನನಗೆ ಬಾಯಿ ಬರಲಿಲ್ಲ. ಸಾಧ್ಯವಾದರೆ ಒಮ್ಮೆ ಬಂದು ಅವರ ಬೆನ್ನು ನೋಡಿ.

ಇಂತಿ,
ನಿರೀಕ್ಷಾ


ಕ್ಲೇಟನ್, ಮೆಲ್ಬರ್ನ್
14 ಮಾರ್ಚ್ 2008

ನಿರೀಕ್ಷಾ ಅವರಿಗೆ,

ನಿಮ್ಮ ಪತ್ರ ಓದಿದ ಕೂಡಲೇ ಗೋಪೀನಾಥ್ ಅವರಿಗೆ ಫೋನ್ ಮಾಡಿದೆ. ಹೋಮಿನ ಮ್ಯಾನೇಜರ್ ಅವರೇ ಆದ್ದರಿಂದ ಅವರನ್ನೇ ಕೇಳುವುದು ಸರಿ ಅನ್ನಿಸಿತು. ಅವರು ನಕ್ಕರು. "ಆ ಹುಡುಗಿ ಎಂ.ಎ. ಓದಿದ್ದು ನೋಡಿ, ಎಲ್ಲದರಲ್ಲೂ ಕಥೆ ಕಾಣ್ತದೆ ಅವಳಿಗೆ" ಎಂದರು. ಹಾಳೆಯ ವಿಷಯ ವಿಚಾರಿಸುತ್ತೇನೆ ಎಂದರು. ಅವ್ವನ ಕೈಗೂ ಫೋನ್ ಕೊಟ್ಟರು. ಚೊಲೊ ಅದೀನಿ ಎಂದಳು.

ನನ್ನ ಬಗ್ಗೆ ನೀವು ಏನು ಅಂದುಕೊಂಡಿದ್ದೀರೋ ತಿಳಿಯದು. ಗಂಡನಿಲ್ಲದ ಮನೆ ನನ್ನದು, ಆಸ್ಪತ್ರೆಯ ಲ್ಯಾಬ್ ಕೆಲಸ. ಹೋದ ವರ್ಷ ಇಲ್ಲಿಗೆ ವರ್ಗವಾದಾಗ ಅವ್ವ ಸೊಂಟ ಮುರಿದುಕೊಂಡು ಸಿಡ್ನಿಯಲ್ಲೇ ಆಸ್ಪತ್ರೆಯಲ್ಲಿದ್ದಳು. ಮೆಲ್ಬರ್ನಿನಲ್ಲಿ ಅವಳ ಭಾಷೆ ಬಲ್ಲ ಒಂದೂ ಜಾಗ ಸಿಗಲಿಲ್ಲ. ಕನ್ನಡದವರಿದ್ದಾರೆ, ಸಸ್ಯಾಹಾರ ಇದೆ, ನಮ್ಮ ತಾಯಿಯ ಹಾಗೆ ನೋಡಿಕೊಳ್ಳುತ್ತೇವೆ ಎಂದು ಗೋಪೀನಾಥ್ ಅವರೇ ಮುಂದೆ ಬಂದರು. ಕನ್ನಡ ಸಂಘದ ಅಧ್ಯಕ್ಷರು. ದೀಪಾವಳಿಗೆ ಪ್ರತಿ ಮನೆಗೂ ತಾವೇ ಸ್ವೀಟ್ ಬಾಕ್ಸ್ ತಲುಪಿಸುವ ಮನುಷ್ಯ. ಅಂಥವರನ್ನು ಅನುಮಾನಿಸಿ ಮಾತಾಡುವುದು ನನಗೆ ಕಷ್ಟ.

ಅವ್ವನ ಕಾಗದ ಬರೆದುಕೊಟ್ಟಿದ್ದಕ್ಕೆ ಥ್ಯಾಂಕ್ಸ್. ಇನ್ನು ಮುಂದೆ ಅವಳು ಹೇಳಿದ್ದನ್ನಷ್ಟೇ ಬರೆಯಿರಿ.

ಅರುಂಧತಿ


ವೆಂಟ್‌ವರ್ತ್‌ವಿಲ್
25 ಮಾರ್ಚ್ 2008

ಅರುಂಧತಿ ಮೇಡಂ,

ಅವರು ಹೇಳಿದ್ದನ್ನಷ್ಟೇ ಬರೆಯುತ್ತೇನೆ.

"ಅರುಂಧತೀ, ನೀ ಫೋನ್ ಮಾಡಿದಾಗ ಆ ಗೋಪೀನಾಥ ನನ್ನ ಖುರ್ಚಿ ಹಿಂದ ಹೆಗಲ ಮ್ಯಾಲೆ ಕೈ ಇಟ್ಕೊಂಡು ನಿಂತಿದ್ದ. ಬೆನ್ನಿಗೆ ನಿಂತಾವನ ಬಗ್ಗೆ ಹ್ಯಾಂಗ ಹೇಳ್ಲಿ? ವಾಸನಿ ಎಲ್ಲಿಂದ ಬರ್ತಿತ್ತಂತ ತಿಳೀತು. ಮೂವತ್ತು ವರ್ಷ ಗದಗಿನ್ಯಾಗ ಖಾನಾವಳಿ ನಡಿಸೀನಿ, ಒಂದು ಕೆಟ್ಟ ಈರುಳ್ಳಿ ಚೀಲದ ತಳದಾಗಿದ್ರ ಮೂಗಿನ್ಯಾಗ ಹಿಡೀತಿದ್ದೆ. ನನ್ನ ಮೈ ಕೆಟ್ಟಿದ್ದು ನನಗ ತಿಳೀಲಿಲ್ಲ ನೋಡು."

ಸಕ್ಕರೆ ಕಾಯಿಲೆಯಿಂದ ಅವರಿಗೆ ಬೆನ್ನಿನ ಕೆಳಗೆ ಸ್ಪರ್ಶವೇ ಸರಿಯಾಗಿ ತಿಳಿಯುತ್ತಿಲ್ಲ. ನಿಮ್ಮ ಫೋನ್ ಬಂದ ಮಾರನೆಯ ದಿನವೇ ನನ್ನನ್ನು ಇನ್ನೊಂದು ವಿಂಗಿಗೆ ಹಾಕಿದರು. ನಿನ್ನೆ ಮಧ್ಯಾಹ್ನ ಹಾಸಿಗೆ ಬಟ್ಟೆ ಬದಲಿಸಲು ಜನ ಕಡಿಮೆ ಎಂದು ಕರೆದರು, ಹೋದೆ. ಸೊಂಟದ ಕೆಳಗೆ ನನ್ನ ಮುಷ್ಟಿ ಹಿಡಿಸುವಷ್ಟು ಹುಣ್ಣು. ಅಂಚು ಕಪ್ಪು. ಅದಕ್ಕೆ ಕಟ್ಟಿದ ಪಟ್ಟಿಯ ಮೇಲೆ ಬರೆದ ತಾರೀಖು ಒಂಬತ್ತು ದಿನ ಹಳೆಯದು. ನಾನು ಬಾತ್‌ರೂಮಿಗೆ ಹೋಗಿ ಮೂರು ಸಲ ಕೈ ತೊಳೆದೆ. ಹೊರಗೆ ಬಂದಾಗ ಹಾಳೆಯಲ್ಲಿ ರಾತ್ರಿ ಎಂಟರವರೆಗಿನ ಸಹಿ ಬಿದ್ದಿತ್ತು.

ಬನ್ನಿ, ಮೇಡಂ. ಯಾರಿಗೂ ಫೋನ್ ಮಾಡದೆ ಬನ್ನಿ.

ನಿಮಗೆ ಹೇಳಬೇಕಾದ ಇನ್ನೊಂದು ವಿಷಯವಿದೆ. ಬರೆದು ಎರಡು ಸಲ ಹರಿದೆ.

ನಿರೀಕ್ಷಾ


ಕ್ಲೇಟನ್
21 ಏಪ್ರಿಲ್ 2008

ನಿರೀಕ್ಷಾ,

ನಾನು ಬಂದದ್ದು, ಅವ್ವನನ್ನು ಆಂಬುಲೆನ್ಸಿನಲ್ಲಿ ಕರೆದುಕೊಂಡು ಹೋದದ್ದು ನಿನಗೆ ಗೊತ್ತು. ಕಾರಿಡಾರಿನ ತುದಿಯಲ್ಲಿ ಗೋಡೆಗೆ ಅಂಟಿ ನಿಂತಿದ್ದವಳು ನೀನೇ ಇರಬೇಕು. ಮಾತಾಡಿಸುವ ಸ್ಥಿತಿಯಲ್ಲಿ ನಾನಿರಲಿಲ್ಲ. ಆಸ್ಪತ್ರೆಯಲ್ಲಿ ಕೊಳೆತದ್ದನ್ನೆಲ್ಲ ಕತ್ತರಿಸಿ ತೆಗೆದರು. ಮೂಳೆ ಕಾಣುತ್ತಿತ್ತು. ನನ್ನ ಲ್ಯಾಬಿಗೆ ದಿನಾ ಇಂಥ ಹುಣ್ಣುಗಳ ಸ್ಯಾಂಪಲ್ ಬರುತ್ತವೆ, ಪುಟ್ಟ ಟ್ಯೂಬಿನಲ್ಲಿ, ಹೆಸರಿನ ಚೀಟಿ ಅಂಟಿಸಿಕೊಂಡು. ಇಷ್ಟು ವರ್ಷ ನಾನು ಚೀಟಿಯನ್ನಷ್ಟೇ ಓದಿದ್ದೆ.

ಹೋದ ವಾರ ಮತ್ತೆ ಬಂದು ಗೋಪೀನಾಥ್ ಎದುರು ಕೂತೆ. ಕೇಸರಿಬಾತ್ ತರಿಸಿದ. "ತಗೊಳ್ಳಿ ಮೇಡಂ, ನಮ್ಮ ಕಿಚನ್‌ದೇ" ಎಂದ. ನಾನು ಸರ್ಕಾರದ ದೂರು ಕಚೇರಿಗೂ ಕೋರ್ಟಿಗೂ ಹೋಗುತ್ತೇನೆ ಎಂದಾಗ ಮೇಜಿನ ಡ್ರಾಯರಿನಿಂದ ಒಂದು ಕಾಗದ ತೆಗೆದ. ಅವ್ವ ಸೇರಿದ ದಿನ ಸಹಿ ಹಾಕಿದ ಒಪ್ಪಂದ, ಹನ್ನೊಂದು ಪುಟ. ಒಂಬತ್ತನೆಯ ಪುಟದಲ್ಲಿ ಆರ್ಬಿಟ್ರೇಷನ್ ಎಂಬ ತಲೆಬರಹ. ಏನೇ ದೂರಿರಲಿ, ಏನೇ ಹಾನಿಯಾಗಿರಲಿ, ಹೊರಗೆ ಯಾರ ಬಳಿಯೂ ಹೋಗಕೂಡದು; ಹೋಮಿನವರು ಆರಿಸಿದ ಮಧ್ಯಸ್ಥನೇ ತೀರ್ಮಾನ ಹೇಳುತ್ತಾನೆ; ಆ ತೀರ್ಮಾನ ಏನಾಯಿತೆಂದು ಯಾರಿಗೂ ಹೇಳಕೂಡದು. ಕೆಳಗೆ ಅವ್ವನ ಸಹಿ, ಸೊಟ್ಟಗೆ, ನಾಲ್ಕು ಅಕ್ಷರ ಹಾಕಲು ಅರ್ಧ ಸಾಲು ತೆಗೆದುಕೊಂಡು. ಅದೊಂದೇ ಅವಳಿಗೆ ಬರೆಯಲು ಬರುವುದು.

ಅದರ ಕೆಳಗೆ ಇನ್ನೊಂದು ಸಾಲು. "ಈ ಒಪ್ಪಂದವನ್ನು ನಿವಾಸಿಯ ಭಾಷೆಯಲ್ಲಿ ಪೂರ್ತಿಯಾಗಿ ಓದಿ ವಿವರಿಸಿದ್ದೇನೆ." ಅಲ್ಲಿ ನಿನ್ನ ಹೆಸರಿದೆ. ಅಕ್ಷರ ದುಂಡಗಿದೆ.

ಓದಿ ಹೇಳಿದ್ದೆಯಾ? ಹೌದು ಅಥವಾ ಇಲ್ಲ. ಬೇರೇನೂ ಬರೆಯಬೇಡ.

ಅರುಂಧತಿ


ಸಿಡ್ನಿ
29 ಏಪ್ರಿಲ್ 2008

ಪ್ರೀತಿಯ ನಿರೀಕ್ಷಾ ಮಗಳಿಗೆ,

ಆಶೀರ್ವಾದಗಳು. ನೀನು ಎದುರಿಗೆ ಸಿಕ್ಕರೆ ತಲೆ ಬಗ್ಗಿಸಿಕೊಂಡು ಹೋಗುತ್ತೀಯ, ಹಾಗಾಗಿ ಬರೆಯುತ್ತಿದ್ದೇನೆ. ನಿನಗೆ ಬರವಣಿಗೆಯೇ ಹೆಚ್ಚು ಇಷ್ಟ ಎಂದು ಈಚೆಗೆ ತಿಳಿಯಿತು.

ಗಿರಿಜವ್ವನವರ ವಿಷಯದಲ್ಲಿ ನಮ್ಮೆಲ್ಲರಿಗೂ ನೋವಾಗಿದೆ. ವಯಸ್ಸಾದ ಶರೀರ, ಸಕ್ಕರೆ ಕಾಯಿಲೆ, ಯಾರನ್ನು ದೂರುವುದು? ಅವರ ಮಗಳು ಆವೇಶದಲ್ಲಿದ್ದಾರೆ. ಮನೆಯ ಮಾತನ್ನು ಬೀದಿಗೆ ತರುವುದು ಬೇಡ, ನಾವು ನಾವೇ ಕೂತು ಮುಗಿಸೋಣ ಎಂದೇ ಆ ಒಪ್ಪಂದ ಇರುವುದು. ನಮ್ಮ ಹಿರಿಯರು ಊರಿನಲ್ಲಿ ಮಾಡುತ್ತಿದ್ದುದೂ ಅದನ್ನೇ ಅಲ್ಲವೇ?

ನಿನ್ನನ್ನು ಯಾರಾದರೂ ಏನಾದರೂ ಕೇಳಿದರೆ ಒಂದು ಮಾತು ನೆನಪಿಡು. ಪೂರ್ತಿ ಓದಿ ವಿವರಿಸಿದ್ದೇನೆ ಎಂದು ನೀನೇ ಸಹಿ ಹಾಕಿದ್ದೀಯ. ಈಗ ಇಲ್ಲ ಎಂದರೆ, ಅಂದು ಸುಳ್ಳು ಬರೆದೆ ಎಂದಾಗುತ್ತದೆ. ನನಗೆ ಏನೂ ಆಗುವುದಿಲ್ಲ. ನಿನ್ನ ಬಗ್ಗೆ ಚಿಂತೆ. ಇಲ್ಲೇ ನೆಲೆಸಲು ಮನೀಷ್ ಹಾಕಿದ ಪಿಆರ್ ಅರ್ಜಿ ಇನ್ನೂ ನಡೆಯುತ್ತಿದೆ ಎಂದು ಕೇಳಿದೆ. ನೀವು ಬಾಡಿಗೆಗಿರುವ ಯುನಿಟ್ ನನ್ನ ತಂಗಿಯದೇ ಅಲ್ಲವೇ, ಅದಕ್ಕೆ ಹೊಸ ಕಾರ್ಪೆಟ್ ಹಾಕಿಸಲು ಅವಳಿಗೆ ಹೇಳಿದ್ದೇನೆ.

ಸಂಘದ ಮುಂದಿನ ಸಂಚಿಕೆಗೆ ನಿನ್ನ ಲೇಖನ ಬಂದಿಲ್ಲ. ನಿನ್ನಂಥವರು ಬರೆಯಬೇಕು.

ನಿನ್ನ ಅಂಕಲ್,
ಗೋಪೀನಾಥ


ವೆಂಟ್‌ವರ್ತ್‌ವಿಲ್
11 ಮೇ 2008

ಅರುಂಧತಿ ಅಕ್ಕ,

ಇಲ್ಲ.

ಒಂದೇ ಪದ ಕೇಳಿದ್ದಿರಿ. ಆದರೆ ಬರಿಯ ಆ ಪದ ಕಳಿಸಿದರೆ ನಾನು ಮತ್ತೆ ತಪ್ಪಿಸಿಕೊಂಡ ಹಾಗೆ. ಹರಿದುಹಾಕಿದ ವಿಷಯ ಇದೇ.

ನಾನು ಕೆಲಸಕ್ಕೆ ಸೇರಿ ಎರಡನೆಯ ವಾರ. ಗೋಪೀನಾಥ ಅಂಕಲ್ ಆಫೀಸಿಗೆ ಕರೆದರು. ಗಿರಿಜವ್ವ ಗಾಲಿಕುರ್ಚಿಯಲ್ಲಿ, ಮಡಿಲಲ್ಲಿ ಆಸ್ಪತ್ರೆಯ ಪ್ಲಾಸ್ಟಿಕ್ ಚೀಲ. ಅಂಕಲ್ ನನ್ನ ಕೈಗೆ ಕಾಗದ ಕೊಟ್ಟು, "ಇವರಿಗೆ ಸ್ವಲ್ಪ ಹೇಳಿಬಿಡು ಮಗಾ" ಎಂದರು. ನಾನು ಮೊದಲ ಪುಟ ಓದಲು ಶುರು ಮಾಡಿದೆ. ಎರಡನೆಯ ಪ್ಯಾರಾಕ್ಕೆ ಅವರು ವಾಚು ನೋಡಿಕೊಂಡು ನಕ್ಕರು. "ಅಯ್ಯೋ, ಎಂತ ಓದ್ಲಿಕ್ಕೆ ಉಂಟು ಅದರಲ್ಲಿ? ಪರೀಕ್ಷೆ ಉಂಟಾ ನಾಳೆ? ನಾನೇನು ಹೊರಗಿನವನಾ?"

ನಮ್ಮನ್ನು ಏರ್‌ಪೋರ್ಟಿನಿಂದ ಮನೆಗೆ ಕರೆದುಕೊಂಡು ಹೋದವರು, ಮೊದಲ ವಾರದ ಊಟ ಕಳಿಸಿದವರು. ಅವರು ಕೊಟ್ಟ ಕಾಗದವನ್ನು ಅವರ ಎದುರಿಗೇ ಸಾಲು ಸಾಲಾಗಿ ಓದುವುದು ಅವರ ಜೇಬು ತಡಕಿದ ಹಾಗೆ ಅನ್ನಿಸಿತು. ಪುಟ ತಿರುಗಿಸುತ್ತ ಹೋದೆ. ಒಂಬತ್ತನೆಯ ಪುಟ ಕಣ್ಣಿಗೆ ಬಿತ್ತು, ಅಕ್ಕ. ಅರ್ಥವೂ ಆಯಿತು. ನಾನು ಗಿರಿಜವ್ವನಿಗೆ ಹೇಳಿದ್ದು ಇಷ್ಟು: "ಏನಾದರೂ ತೊಂದರೆ ಆದ್ರೆ ನಮ್ಮೊಳಗೇ ಮಾತಾಡಿ ಸರಿ ಮಾಡ್ಕೊಳ್ಳುವಾ ಅಂತ ಉಂಟು ಅಮ್ಮಾ."

ಅವರು ಒಂದು ಕ್ಷಣ ನನ್ನನ್ನೇ ನೋಡಿದರು. "ಪೂರಾ ಓದಿದ್ಯಾ?" ಎಂದು ಕೇಳಿದರು. ನಾನು ತಲೆಯಾಡಿಸಿದೆ. ಆಗ ಅವರು ಗೋಪೀನಾಥರ ಕಡೆ ತಿರುಗಿ, "ನಮ್ಮ ಹುಡುಗ ಕೊಟ್ಟ ಕಾಗದ, ಓದಿಸಿ ನೋಡಿದ್ರ ಅವನ ಮಾರಿ ಸಣ್ಣದಾಗ್ತೈತಿ. ಎಲ್ಲಿ ಹಾಕ್ಲಿ?" ಎಂದರು.

ಪೆನ್ ಕೊಟ್ಟವಳು ನಾನು. ಅವರ ಸಹಿಯ ಕೆಳಗೆ ನನ್ನದನ್ನು ಹಾಕಿದೆ. ಆಮೇಲೆ ಮೂವರೂ ಕಾಫಿ ಕುಡಿದೆವು.

ಅದೇ ಆಫೀಸಿನ ಹೊರಗೆ ಗೋಡೆಯ ಮೇಲೆ ನಿವಾಸಿಗಳ ಹಕ್ಕುಗಳ ಪಟ್ಟಿ ಇದೆ, ಕಟ್ಟು ಹಾಕಿಸಿ, ಗಾಜಿನೊಳಗೆ. ಭಯವಿಲ್ಲದೆ ದೂರು ಕೊಡುವ ಹಕ್ಕು ಎಂದು ಇಂಗ್ಲಿಷಿನಲ್ಲಿ ಬರೆದಿದೆ. ಅದನ್ನೂ ನಾನು ಯಾರಿಗೂ ಓದಿ ಹೇಳಿರಲಿಲ್ಲ. ಹೇಳು ಎಂದು ಯಾರೂ ಹೇಳಿರಲಿಲ್ಲ, ಅಷ್ಟೇ ನನ್ನ ಕಾರಣ. ಹೋಮಿನ ಬಗ್ಗೆ ನನಗೆ ಹೇಸಿಗೆಯಾಗುತ್ತದೆ. ಆದರೆ ಅಲ್ಲಿಂದ ಮನೆಗೆ ಬಂದು ಎಷ್ಟು ಕೈ ತೊಳೆದರೂ ಹೋಗದ ಹೇಸಿಗೆ ಬೇರೆಯದು.

ಮನೀಷ್‌ಗೆ ಎಲ್ಲ ಹೇಳಿದೆ. ಅವರು ಕೆಟ್ಟವರಲ್ಲ. "ಸುಳ್ಳು ಹೇಳು ಅಂತ ಯಾರು ಹೇಳಿದ್ದು ನಿನಗೆ? ಸುಮ್ಮನಿರು ಅಂತ ಹೇಳಿದ್ದು. ನಿನಗೆ ಸುಮ್ಮನಿರ್ಲಿಕ್ಕೆ ಯಾರಾದ್ರೂ ಕಲಿಸ್ಬೇಕಾ?" ಎಂದರು. ತಮಾಷೆಗೆ ಹೇಳಿದ್ದು. ನಾನು ತಟ್ಟೆ ಎತ್ತಿಟ್ಟೆ.

ಇದನ್ನು ನಿಮಗೆ ಬರೆಯಬಲ್ಲೆ. ಬೇರೆಯವರ ಎದುರು ಹೇಳಬಲ್ಲೆನೋ ಗೊತ್ತಿಲ್ಲ.

ನಿರೀಕ್ಷಾ


ಕ್ಲೇಟನ್
24 ಮೇ 2008

ನಿರೀಕ್ಷಾ,

ನಿನ್ನ ಪತ್ರ ಓದಿ ಹರಿಯಬೇಕೆನ್ನಿಸಿತು. ಹರಿಯಲಿಲ್ಲ. ನಾಲ್ಕು ದಿನ ಫ್ರಿಜ್ಜಿನ ಮೇಲಿಟ್ಟಿದ್ದೆ.

ಅವ್ವ ಈಗ ನನ್ನ ಬಳಿಯೇ ಇದ್ದಾಳೆ. ನಾನು ಕೆಲಸ ಅರ್ಧ ದಿನಕ್ಕೆ ಇಳಿಸಿಕೊಂಡಿದ್ದೇನೆ. ಗಾಯ ಆರಿಲ್ಲ, ಆರುತ್ತದೆಂದು ಡಾಕ್ಟರೂ ಹೇಳುತ್ತಿಲ್ಲ. ಮಗ್ಗುಲು ಬದಲಿಸುವಾಗಲೆಲ್ಲ "ಬರಕೊಂಡಿ ಏನ?" ಎಂದು ಅಣಕಿಸುತ್ತಾಳೆ. ನಗಬೇಕೋ ಅಳಬೇಕೋ ತಿಳಿಯದು.

ನಿನ್ನ ಪತ್ರವನ್ನು ಅವಳಿಗೆ ಓದಿ ಹೇಳಿದೆ. ಒಂದಕ್ಷರ ಬಿಡಲಿಲ್ಲ. ಆಮೇಲೆ, "ಅಕಿ ತಲಿ ಆಡಿಸಿದಾಗ ಸುಳ್ಳು ಅಂತ ನನಗ ಗೊತ್ತಾಗಿತ್ತು. ಗಿರಾಕಿ ಊಟ ಚೊಲೊ ಐತಿ ಅಂತ ಸುಳ್ಳು ಹೇಳೂವಾಗ ಹಂಗ ತಲಿ ಆಡಸ್ತಾನ. ಗೊತ್ತಿದ್ದೂ ಸಹಿ ಹಾಕಿದೆ. ನಂದೂ ತಪ್ಪೈತಿ" ಎಂದಳು. ಅದು ಅವಳ ಮಾತು. ನಾನು ಅಷ್ಟು ಸುಲಭವಾಗಿ ಹೇಳಲಾರೆ. ನಾನೂ ಅಂದು ಆ ಕಾಗದ ಎಲ್ಲಿ ಎಂದು ಕೇಳಿರಲಿಲ್ಲ. ಗೋಪೀನಾಥ್ ನೋಡಿಕೊಳ್ಳುತ್ತಾರೆ ಎಂದು ವಿಮಾನ ಹತ್ತಿದ್ದೆ. ಹಾಗಾಗಿ ನಿನ್ನನ್ನು ಬೈಯುವ ಧೈರ್ಯವೂ ಇಲ್ಲ.

ಇಲ್ಲಿ ಉಚಿತವಾಗಿ ಸಲಹೆ ಕೊಡುವ ವಕೀಲೆಯೊಬ್ಬರನ್ನು ಕಂಡೆ. ದೂರು ಕೊಡುವ ಹಕ್ಕನ್ನು ಯಾವ ಕಾಗದವೂ ಕಿತ್ತುಕೊಳ್ಳಲಾರದು, ನಾಳೆಯೇ ಕೊಡಿ ಎಂದರು, ಕೊಟ್ಟಿದ್ದೇನೆ. ಕೋರ್ಟಿನ ದಾರಿಗೆ ಮಾತ್ರ ಆ ಒಂಬತ್ತನೆಯ ಪುಟವನ್ನು ಅಡ್ಡ ಇಡುತ್ತಾರಂತೆ. ತಿಳಿಸಿ ಹೇಳದೆ ಹಾಕಿಸಿಕೊಂಡ ಸಹಿ ಎಂದು ತೋರಿಸಿದರೆ ಅದು ನಿಲ್ಲುವುದು ಕಷ್ಟ. ತೋರಿಸಬಲ್ಲವರು ಇಬ್ಬರೇ, ಅವ್ವ ಮತ್ತು ನೀನು. ಅವ್ವನಿಗೆ ಎಪ್ಪತ್ತೊಂಬತ್ತು. ನೆನಪಿಲ್ಲ ಎಂದು ಒಂದೇ ದಿನದಲ್ಲಿ ಸಾಧಿಸಿಬಿಡುತ್ತಾರೆ.

ನಿನಗೆ ಏನಾಗಬಹುದು ಎಂದೂ ಕೇಳಿದೆ. ಕೆಲಸ ಹೋಗಬಹುದು. ಅಂದು ಹಾಕಿದ ಸಹಿಯ ಬಗ್ಗೆ ಕಟುವಾಗಿ ಪ್ರಶ್ನೆ ಮಾಡಬಹುದು. ಅದಕ್ಕಿಂತ ಹೆಚ್ಚಿನದನ್ನು ಅವರು ಹೇಳಲಿಲ್ಲ, ಇಲ್ಲವೆಂದೂ ಹೇಳಲಿಲ್ಲ.

ಮಾಡು ಎಂದು ನಾನು ಕೇಳುವುದಿಲ್ಲ. ಅವ್ವ ಕೇಳಕೂಡದು ಎಂದಿದ್ದಾಳೆ.

ಅರುಂಧತಿ


ವೆಂಟ್‌ವರ್ತ್‌ವಿಲ್
5 ಜೂನ್ 2008

ಅರುಂಧತಿ ಅಕ್ಕ,

ಸೋಮವಾರ ಗೋಪೀನಾಥ ಅಂಕಲ್ ಮತ್ತೆ ಆಫೀಸಿಗೆ ಕರೆದರು. ಹೊಸಬರೊಬ್ಬರು ಸೇರುವವರಿದ್ದರು, ಶಿವಮೊಗ್ಗದ ಕಡೆಯ ಅಜ್ಜಿ, ಜೊತೆಗೆ ಸೊಸೆ. ಮೇಜಿನ ಮೇಲೆ ಅದೇ ಹನ್ನೊಂದು ಪುಟ. "ಬಾ ಮಗಾ, ಇವರಿಗೆ ಸ್ವಲ್ಪ ಹೇಳಿಬಿಡು" ಎಂದರು, ನಡುವೆ ಏನೂ ಆಗಿಲ್ಲವೆಂಬಂತೆ. ನನಗೆ ಹೆದರಿಕೆಯಾಗಲಿಲ್ಲ, ಅಕ್ಕ. ಬಚ್ಚಲ ತೂತಿನಲ್ಲಿ ಕೂದಲಿನ ಉಂಡೆ ಸಿಕ್ಕಾಗ ಆಗುತ್ತದಲ್ಲ, ಹಾಗಾಯಿತು. ನನ್ನ ಮೌನದ ಮೇಲೆ ಅವರಿಗೆ ಎಷ್ಟು ಭರವಸೆ!

ನಾನು ಕಾಗದ ತೆಗೆದುಕೊಂಡು ಒಂಬತ್ತನೆಯ ಪುಟ ತೆರೆದೆ. "ಅಜ್ಜಿಗೆ ಇಲ್ಲಿ ಏನೇ ಆದರೂ ನೀವು ಹೊರಗೆ ದೂರು ಕೊಡುವ ಹಾಗಿಲ್ಲ, ಕೋರ್ಟಿಗೆ ಹೋಗುವ ಹಾಗಿಲ್ಲ, ಇವರು ಆರಿಸಿದವರು ಹೇಳಿದ್ದೇ ಕೊನೆ ಎಂದು ಇದರಲ್ಲಿದೆ" ಎಂದೆ. ಸೊಸೆ ಗಾಬರಿಯಾಗಿ ಅಂಕಲ್ ಕಡೆ ನೋಡಿದಳು. ಅವರು ನಕ್ಕರು. "ನಮ್ಮ ನಿರೀಕ್ಷಾ ಸ್ವಲ್ಪ ಸೀರಿಯಸ್" ಎಂದರು. ಆಕೆಯೂ ನಕ್ಕಳು. "ಪರವಾಗಿಲ್ಲ ಬಿಡಿ ಅಂಕಲ್, ನೀವಿದ್ದೀರಲ್ಲ" ಎಂದು ಅಜ್ಜಿಯ ಕೈಗೆ ಪೆನ್ ಕೊಟ್ಟಳು. ಓದಿ ವಿವರಿಸಿದವರ ಸಹಿ ಹಾಕಲು ಈ ಸಲ ಅಡುಗೆಮನೆಯಿಂದ ಇನ್ಯಾರನ್ನೋ ಕರೆಸಿದರು. ಮಂಗಳವಾರದಿಂದ ನನಗೆ ಶಿಫ್ಟ್ ಇಲ್ಲ.

ಶನಿವಾರ ಪ್ಯಾರಮ್ಯಾಟಾದ ಲೈಬ್ರರಿಗೆ ಹೋಗುತ್ತೇನೆ. ಹೇಳಿಕೆಗೆ ಸಾಕ್ಷಿಯ ಸಹಿ ಹಾಕುವ ಅಧಿಕಾರವಿರುವ ಒಬ್ಬರು ಅಲ್ಲಿ ಬೆಳಿಗ್ಗೆ ಕೂರುತ್ತಾರೆ. ನನ್ನ ಹೇಳಿಕೆ ಬರೆದಾಗಿದೆ, ಒಂದು ಪುಟ. ಅಂದು ಏನು ಓದಿದೆ, ಏನು ಬಿಟ್ಟೆ, ಒಂಬತ್ತನೆಯ ಪುಟವನ್ನು ಅರ್ಥ ಮಾಡಿಕೊಂಡೂ ಹೇಗೆ ಸಿಹಿ ಮಾಡಿ ಹೇಳಿದೆ, ಎಲ್ಲ ಇದೆ. ದಾಕ್ಷಿಣ್ಯಕ್ಕೆ ಇಂಗ್ಲಿಷಿನಲ್ಲಿ ಪದ ಹುಡುಕಿ ಸುಸ್ತಾಗಿ, ಕೊನೆಗೆ "ನಾಚಿಕೆಯಿಂದ ಓದಲಿಲ್ಲ" ಎಂದು ಬರೆದೆ. ಸಹಿಯಾದ ಮೇಲೆ ಅದನ್ನು ನಿಮ್ಮ ವಕೀಲೆಗೆ ಅಂಚೆಯಲ್ಲಿ ಕಳಿಸುತ್ತೇನೆ. ಮನೀಷ್‌ಗೆ ಬೆಳಿಗ್ಗೆ ಹೇಳಿದೆ. ಶೂ ಕಟ್ಟಿಕೊಂಡು ಟ್ರೈನಿಗೆ ಹೋದರು. ಸಂಜೆ ಬಂದು, ಬೇರೆ ಯುನಿಟ್ ನೋಡಬೇಕಾದೀತು ಎಂದಷ್ಟೇ ಹೇಳಿದರು.

ಇನ್ನೊಂದು ವಿಷಯ ಅವರಿಗೆ ಹೇಳಿಲ್ಲ, ನಿಮಗೆ ಹೇಳುತ್ತಿದ್ದೇನೆ. ಗಿರಿಜವ್ವನ ನಂತರ ನಾನು ಇನ್ನೂ ನಾಲ್ಕು ಜನರ ಕಾಗದಕ್ಕೆ ಹಾಗೆಯೇ ಸಹಿ ಹಾಕಿದ್ದೇನೆ. ನಾಲ್ವರೂ ಈಗಲೂ ಅಲ್ಲೇ ಇದ್ದಾರೆ. ಕೆಲಸ ಹೋದರೂ ಭೇಟಿಗೆ ಬರುವವರನ್ನು ತಡೆಯುವುದು ಅವರಿಗೆ ಸುಲಭವಲ್ಲ, ತಡೆದರೆ ಅದನ್ನೂ ಬರೆದುಕೊಳ್ಳುತ್ತೇನೆ. ಒಪ್ಪಂದದ ನಕಲು ನಿವಾಸಿಗಳ ಬೀರುವಿನಲ್ಲೇ ಇರುತ್ತದೆ. ಭಾನುವಾರ ಮಧ್ಯಾಹ್ನ ಎರಡಕ್ಕೆ, ಮನೆಯವರೆಲ್ಲ ಬಂದು ಕೂತ ಹೊತ್ತಿಗೆ, ಮೊದಲ ಪುಟದಿಂದ ಕೊನೆಯ ಪುಟದವರೆಗೆ ಕನ್ನಡದಲ್ಲಿ ಓದಿ ಹೇಳುತ್ತೇನೆ. ಕೇಳಿದ ಮೇಲೆ ಏನು ಮಾಡುತ್ತಾರೋ ಅದು ಅವರಿಗೆ ಸೇರಿದ್ದು.

ಆ ನಾಲ್ವರಲ್ಲಿ ಕೃಷ್ಣಪ್ಪ ಮಾಸ್ತರರಿಂದ ಶುರು ಮಾಡುತ್ತೇನೆ. ಅವರ ಹಾಸಿಗೆ ದೊಡ್ಡ ಹಾಲಿನ ನಡುವೆ ಇದೆ, ಮತ್ತು ಅವರಿಗೆ ಕಿವಿ ಮಂದ. ಗಟ್ಟಿಯಾಗಿಯೇ ಓದಬೇಕು.

ಇಂತಿ ನಿಮ್ಮ,
ನಿರೀಕ್ಷಾ